ಪತ್ರಿಕೆಯವರು ನಮ್ಮ ಸಂಘಕ್ಕೆ ಏಕೆ ಬರಬೇಕು?

ಬರಲಿರುವ ವಾರ್ಷಿಕ ಮಹಾಸಭೆಯ ಪರಿಶೀಲನೆಗಾಗಿ ಕೆಲವು ಸದಸ್ಯರಿಂದ ಒಂದು ಸಲಹೆ ಬಂದಿದೆ. ಸಂಘದ ಕಾಫಿಪುಡಿ ನಮ್ಮ ಪೇಟೆಯ ಆಚೆಗೆ ಹೋಗುತ್ತಿಲ್ಲ. ಆದಕಾರಣ ದಿನಪತ್ರಿಕೆಯೊಂದರಲ್ಲಿ ಪೂರ್ಣ ಪುಟದ ಪುರವಣಿ ಹಾಕಿಸಬೇಕು, ಅದರಲ್ಲಿ ಸಂಘ ಬೆಳೆದುಬಂದ ದಾರಿ, ಆಡಳಿತ ಮಂಡಳಿಯವರ ಭಾವಚಿತ್ರಗಳು, ಗಣ್ಯರ ಶುಭಸಂದೇಶಗಳು ಇರಬೇಕು ಎಂಬುದು ಆ ಸಲಹೆ. ಕೊಟ್ಟವರ ಕಳಕಳಿಯ ಬಗ್ಗೆ ಎರಡು ಮಾತಿಲ್ಲ. ಅವರು ಹೇಳಿದ ರೋಗವೂ ನಿಜವೇ. ಆದರೆ ಬರೆದುಕೊಟ್ಟ ಮದ್ದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಭೆಯ ದಿನ ಗದ್ದಲದಲ್ಲಿ ಹೇಳಲು ಹೊರಟರೆ ಅರ್ಧ ಮಾತು ಉಳಿದುಹೋಗುತ್ತದೆ. ಆದ್ದರಿಂದ ಅದನ್ನು ಈ ಪತ್ರಿಕೆಯ ಮೂಲಕ ಮೊದಲೇ ಬಾಂಧವರ ಮುಂದೆ ಇಡುತ್ತಿದ್ದೇವೆ.

ಪುರವಣಿಯನ್ನು ಯಾರು ಓದುತ್ತಾರೆ? ಅದರಲ್ಲಿ ಚಿತ್ರ ಬಂದವರು ಓದುತ್ತಾರೆ. ಚಿತ್ರ ಬರದೇ ಇದ್ದವರು ತಮ್ಮದು ಏಕೆ ಬರಲಿಲ್ಲ ಎಂದು ಕೇಳುವ ಸಲುವಾಗಿ ಓದುತ್ತಾರೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬೆಳಿಗ್ಗೆ ಕಾಫಿ ಕುಡಿಯುತ್ತಾ ಪತ್ರಿಕೆ ಬಿಡಿಸುವ ಗೃಹಸ್ಥನು ಆ ಪುಟವನ್ನು ಒಂದೇ ನೋಟಕ್ಕೆ ಜಾಹೀರಾತು ಎಂದು ಗುರುತಿಸಿ ಮಗುಚಿಹಾಕುತ್ತಾನೆ. ಅದೇ ಪತ್ರಿಕೆಯ ಒಳಪುಟದಲ್ಲಿ, ವರದಿಗಾರನೊಬ್ಬ ತಾನಾಗಿ ಬಂದು ನೋಡಿ ಬರೆದ ಹತ್ತು ಸಾಲನ್ನು ಅವನು ನಿಂತು ಓದುತ್ತಾನೆ. ಮಾರುವವನು ತನ್ನ ಸರಕನ್ನು ತಾನೇ ಹೊಗಳಿಕೊಳ್ಳುವುದು ಒಂದು, ಸಂಬಂಧವಿಲ್ಲದ ಮೂರನೆಯವನು ಅದರ ಬಗ್ಗೆ ಹೇಳುವುದು ಇನ್ನೊಂದು. ಸಂತೆಯಲ್ಲಿ ಎತ್ತು ಕೊಳ್ಳುವವನಿಗೂ ಈ ವ್ಯತ್ಯಾಸ ಗೊತ್ತು. ಮೊದಲನೆಯದನ್ನು ದುಡ್ಡು ಕೊಟ್ಟು ಪಡೆಯಬಹುದು. ಎರಡನೆಯದಕ್ಕೆ ಬೇರೆ ರೀತಿಯ ದುಡಿಮೆ ಬೇಕು. ಪೇಟೆಯ ದೊಡ್ಡ ಕಂಪನಿಗಳು ಇದನ್ನು ಸಾರ್ವಜನಿಕ ಸಂಪರ್ಕವೆಂದು ಕರೆದು, ಅದಕ್ಕಾಗಿಯೇ ಸಂಬಳದ ಅಧಿಕಾರಿಗಳನ್ನು ಇಟ್ಟುಕೊಂಡಿವೆ. ಅಷ್ಟು ಶಕ್ತಿ ನಮಗಿಲ್ಲ, ಅದರ ಅಗತ್ಯವೂ ಇಲ್ಲ.

ಈ ಮಾತಿಗೆ ಒಂದು ನಿದರ್ಶನ ನಮ್ಮ ಮಲೆನಾಡಿನಿಂದ ಬಹುದೂರದ ಬಯಲುಸೀಮೆಯಲ್ಲಿ ಸಿಕ್ಕಿತು. ಒಣದ್ರಾಕ್ಷಿ ಬೆಳೆಗಾರರ ವ್ಯವಸ್ಥೆಯನ್ನು ನೋಡಿ ಬರಲೆಂದು ನಮ್ಮ ಕೆಲವು ಸದಸ್ಯರೊಡನೆ ವಿಜಯಪುರ ಜಿಲ್ಲೆಗೆ ಹೋಗಿದ್ದೆವು. ಇತ್ತೀಚಿನ ವರ್ಷಗಳಲ್ಲಿ ತಾಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರ ದ್ರಾಕ್ಷಿಗೆ ಹೆಸರಾದ ಪ್ರದೇಶ. ಅಲ್ಲಿ ತಿರುಗಾಡುತ್ತ ಬಬಲೇಶ್ವರ ತಾಲೂಕಿನ ಕಾಖಂಡಕಿಗೂ ಹೋದೆವು. ನಮ್ಮ ತಂಡದಲ್ಲಿ ಆ ಕಡೆಗೆ ಹಿಂದೆ ಹೋದವರು ಒಬ್ಬರೂ ಇರಲಿಲ್ಲ. ಆದರೂ ಊರಿನ ಹೆಸರು ಕೇಳಿದೊಡನೆ ಇಬ್ಬರು ಸದಸ್ಯರು, ‘ಓ, ಹೋರಿ ಓಡಿಸುವ ಊರಲ್ಲವೇ?’ ಎಂದು ಕೇಳಿದರು. ಮತ್ತೊಬ್ಬರು, ವಯಸ್ಸಾದವರು, ‘ಮಹಿಪತಿದಾಸರ ಊರು’ ಎಂದರು.

ಎರಡೂ ನಿಜ. ಹದಿನೇಳನೆಯ ಶತಮಾನದಲ್ಲಿ ವಿಜಯಪುರದ ಆದಿಲಶಾಹಿ ದರಬಾರಿನ ನೌಕರಿಯನ್ನು ಬಿಟ್ಟು ಹರಿದಾಸರಾದ ಮಹಿಪತಿದಾಸರು ಕಾಖಂಡಕಿಯಲ್ಲಿ ನೆಲೆಸಿದರು. ಅವರ ಪದಗಳನ್ನು ಹಾಡುವವರು ಇರುವುದರಿಂದ ಊರಿನ ಹೆಸರು ಭಜನೆಯ ಮನೆಗಳಲ್ಲಿ ಉಳಿದಿದೆ. ಇನ್ನು ಹೋರಿಯ ಸಂಗತಿ. ಪ್ರತಿ ವರ್ಷ ಕಾರಹುಣ್ಣಿಮೆಯ ಹಬ್ಬದ ಅಂಗವಾಗಿ ಇಲ್ಲಿ ಸಿಂಗರಿಸಿದ ಎತ್ತು, ಹೋರಿಗಳನ್ನು ಊರ ಬೀದಿಯಲ್ಲಿ ಓಡಿಸುತ್ತಾರೆ. ಯುವಕರು ಅವನ್ನು ಹಿಡಿಯಲು ಮುನ್ನುಗ್ಗುತ್ತಾರೆ. ನೋಡಲು ಬಂದವರು ಮಾಳಿಗೆಗಳ ಮೇಲೆಲ್ಲ ತುಂಬಿಕೊಂಡಿರುತ್ತಾರೆ. ಮಾರನೆಯ ದಿನದ ಪತ್ರಿಕೆಗಳಲ್ಲಿ ಚಿತ್ರಸಹಿತ ವರದಿ ಬರುತ್ತದೆ. ತಮಿಳುನಾಡಿನ ಜಲ್ಲಿಕಟ್ಟಿಗೆ ಹೋಲಿಸಿ ಬರೆಯುವವರೂ ಇದ್ದಾರೆ. ಇದಕ್ಕಾಗಿ ಆ ಊರಿನವರು ಯಾವ ಪತ್ರಿಕೆಗೂ ಪುರವಣಿಯ ಹಣ ಕಟ್ಟಿದವರಲ್ಲ.

ಇನ್ನೊಂದು ಬದಿಯನ್ನು ನೋಡಿರಿ. ಅದೇ ಸೀಮೆಯಲ್ಲಿ ಬೇಸಗೆಯಲ್ಲಿ ರೈತರು ದ್ರಾಕ್ಷಿಯ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ನೆರಳುಬಲೆಯ ಶೆಡ್ಡುಗಳೊಳಗೆ ಅಂತಸ್ತು ಅಂತಸ್ತಾಗಿ ಹರಡಿ ಒಣಗಿಸುತ್ತಾರೆ. ಸುಮಾರು 4 ಕಿಲೊ ಹಸಿ ಹಣ್ಣು ಒಣಗಿದರೆ 1 ಕಿಲೊ ಮಾಲು. ಆ ಹೊತ್ತಿಗೆ ಒಂದು ಅಕಾಲಿಕ ಮಳೆ ಬಂದರೆ ಬಣ್ಣ ಕೆಟ್ಟು ಧಾರಣೆ ಅರ್ಧಕ್ಕಿಳಿಯಬಹುದು. ಚಾಲಿ ಅಡಿಕೆ ಅಂಗಳದಲ್ಲಿರುವಾಗ ಮೋಡ ಕಂಡರೆ ನಮ್ಮ ಮನೆಗಳಲ್ಲಿ ಆಗುವ ಗಡಿಬಿಡಿಯೇ ಅಲ್ಲಿಯೂ. ಇಷ್ಟು ಪಾಡುಪಟ್ಟು ಮಾಡಿದ ಮಾಲಿನ ಬಹುಪಾಲು ಗಡಿ ದಾಟಿ ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗಳಿಗೆ ಹೋಗುತ್ತದೆ. ಸಾಂಗ್ಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ನಾವು ಮಾತನಾಡಿಸಿದ ಬೆಳೆಗಾರರೊಬ್ಬರು ಹೇಳಿದ್ದು ಇಷ್ಟು: ‘ಏನ ಹೇಳೂದ್ರಿ ಸರ, ನಮ್ಮ ಮಾಲ ಲಾರಿ ಹತ್ತೂಮಟ ಅಷ್ಟ ನಮ್ದು. ಅಲ್ಲಿ ಇಳದ ಮ್ಯಾಲ ಅದಕ್ಕ ನಮ್ಮೂರ ಹೆಸರ ಎಲ್ಲೈತ್ರಿ?’

ಒಂದು ದಿನದ ಓಟಕ್ಕೆ ರಾಜ್ಯದಲ್ಲೆಲ್ಲ ಹೆಸರು, ವರ್ಷವಿಡೀ ಮಾಡುವ ಬೆಳೆಗೆ ಹೆಸರಿಲ್ಲ. ಊರ ಜನ ಒಬ್ಬರೇ, ಅದೇ ಜಿಲ್ಲೆಯ ವರದಿಗಾರರು, ಅವೇ ಪತ್ರಿಕೆಗಳು. ಹಾಗಾದರೆ ಭೇದ ಎಲ್ಲಿಂದ ಬಂತು? ಹಿಂದಿರುಗುವಾಗ ವ್ಯಾನಿನಲ್ಲಿ ಇದೇ ಚರ್ಚೆ ನಡೆಯಿತು. ನಮಗೆ ತೋರಿದ ಕಾರಣ ಇದು. ಓಟಕ್ಕೆ ನಿಗದಿಯಾದ ದಿನವಿದೆ, ವರದಿಗಾರ ತನ್ನ ಡೈರಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಬಹುದು. ಕಣ್ಣಿಗೆ ಕಾಣುವ, ಚಿತ್ರ ತೆಗೆಯಬಹುದಾದ ದೃಶ್ಯವಿದೆ. ಜನರಿದ್ದಾರೆ. ಬೇರೆ ಕಡೆ ಇದೇ ರೀತಿ ಸಿಗುವುದಿಲ್ಲ. ಒಣದ್ರಾಕ್ಷಿಯಾದರೋ ಸದ್ದಿಲ್ಲದೆ ಒಣಗಿ, ಪೆಟ್ಟಿಗೆಯೊಳಗೆ ಕುಳಿತು, ರಾತ್ರಿ ಲಾರಿಯಲ್ಲಿ ಹೋಗುತ್ತದೆ. ಅದರಲ್ಲಿ ಕತೆಯಿಲ್ಲವೆಂದಲ್ಲ, ಆ ಕತೆಯನ್ನು ಹೊರಗೆ ತಂದು ಇಟ್ಟವರಿಲ್ಲ. ಪಕ್ಕದ ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದಾಗ ಪತ್ರಿಕೆಗಳು ತಾವಾಗಿ ಬರೆದವು. ಹೇಳಿಕೊಳ್ಳಲು ಒಂದು ದಿನ, ಒಂದು ಸಂಗತಿ ಇತ್ತು, ಅಷ್ಟೇ.

ಕಾಖಂಡಕಿಯಿಂದ ಕಲಿಯುವ ಇನ್ನೊಂದು ಅಂಶವನ್ನೂ ಮರೆಮಾಚಬಾರದು. ಓಟದಲ್ಲಿ ಗಾಯಗೊಂಡವರ ಸುದ್ದಿಯೂ ಅದೇ ಪತ್ರಿಕೆಗಳಲ್ಲಿ ಬರುತ್ತದೆ. ಬಾಗಿಲು ತೆರೆದ ಮೇಲೆ ಬಂದವರು ಹಜಾರವನ್ನಷ್ಟೇ ನೋಡಬೇಕೆಂದರೆ ಆಗುವುದಿಲ್ಲ, ಹಿತ್ತಲನ್ನೂ ನೋಡುತ್ತಾರೆ. ಆ ವಿಚಾರಕ್ಕೆ ಮುಂದೆ ಬರುತ್ತೇವೆ.

ನಮ್ಮ ಅಡಿಕೆ ಕಾಫಿಗಳ ಕತೆ ಆ ಒಣದ್ರಾಕ್ಷಿಯ ಕತೆಯೇ. ಕಾಫಿಯ ಮಟ್ಟಿಗೆ ಹೇಳುವುದಾದರೆ ಬಹುಕಾಲ ಪ್ರಚಾರವೆಂಬುದು ಬೆಳೆಗಾರನ ತಲೆನೋವಾಗಿರಲೇ ಇಲ್ಲ. ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಚಹಾ ಮಾತ್ರ ಬಲ್ಲ ಉತ್ತರದ ಊರುಗಳಿಗೆ ಕಾಫಿಯ ರುಚಿ ಹಿಡಿಸುವುದು ಅದರ ಉದ್ದೇಶ. ಮುಂದೆ ಕಾಫಿ ಮಂಡಳಿ ಆ ಕೆಲಸವನ್ನು ವಹಿಸಿಕೊಂಡಿತು. ಮಂಡಳಿ ಕಾಫಿ ಹೌಸುಗಳನ್ನು ಕೈಬಿಡಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಸಹಕಾರಿಗಳಾದ ನಮಗೆ ಇದು ಹೆಮ್ಮೆಯ ವಿಷಯ. ಇಲ್ಲಿ ಗಮನಿಸಬೇಕಾದದ್ದು ಬೇರೊಂದಿದೆ. ಆ ಮೇಜುಗಳ ಸುತ್ತ ಕುಳಿತವರು ಯಾರು? ಪತ್ರಕರ್ತರು, ಸಾಹಿತಿಗಳು, ರಾಜಕೀಯದವರು, ವಿದ್ಯಾರ್ಥಿಗಳು. ಅಂಥವರು ದಿನಗಟ್ಟಲೆ ಕುಳಿತುಕೊಳ್ಳುವ ಜಾಗದ ಬಗ್ಗೆ ಅವರೇ ಬರೆದರು, ಇಂದಿಗೂ ಬರೆಯುತ್ತಿದ್ದಾರೆ. ಒಂದು ಬಟ್ಟಲು ಕಾಫಿಯ ಬೆಲೆಯಲ್ಲಿ ಆದ ಪ್ರಚಾರವನ್ನು ಯಾವ ಪುರವಣಿ ಮಾಡೀತು?

ಪೂಲ್ ಪದ್ಧತಿ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಹೋಯಿತು. ಮಾರುವ ಸ್ವಾತಂತ್ರ್ಯ ಬಂತು, ಅದರೊಡನೆ ಹೇಳಿಕೊಳ್ಳುವ ಹೊರೆಯೂ ಬಂತು. ಸ್ವಾತಂತ್ರ್ಯವನ್ನು ನಾವೆಲ್ಲ ಸಂತೋಷದಿಂದ ತೆಗೆದುಕೊಂಡೆವು. ಹೊರೆಯನ್ನು ಹೊತ್ತವರು ದೊಡ್ಡ ಎಸ್ಟೇಟಿನವರು ಮತ್ತು ಪೇಟೆಯ ಕಂಪನಿಯವರು. ಹತ್ತು ಎಕರೆಯ ಬೆಳೆಗಾರನ ಚೆರಿ, ಪಾರ್ಚ್‌ಮೆಂಟ್ ಇಂದಿಗೂ ಕ್ಯೂರಿಂಗ್ ವರ್ಕ್ಸಿನ ಗೋದಾಮಿನಲ್ಲಿ ಹತ್ತೂರಿನ ಮಾಲಿನೊಡನೆ ಬೆರೆತು ಹೆಸರು ಕಳೆದುಕೊಳ್ಳುತ್ತದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಬಂತು. ಅದೇ ವರ್ಷ ಶಿರಸಿ ಸುಪಾರಿಗೂ ಬಂತು. ಅದಕ್ಕೆ ದುಡಿದದ್ದು 1923ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ. ಪ್ರಮಾಣಪತ್ರ ಬಂದ ದಿನ ಸುದ್ದಿಯಾಯಿತು. ಅದನ್ನು ಗೋಡೆಗೆ ನೇತುಹಾಕಿ ಸುಮ್ಮನಾಗುವ ಸಂಘಕ್ಕೂ, ಪ್ರತಿ ಹಂಗಾಮಿನಲ್ಲಿ ಅದರ ನೆಪದಿಂದ ಹೊಸದೊಂದನ್ನು ಹೇಳುವ ಸಂಘಕ್ಕೂ ಅಂತರವಿದೆ.

ಹಾಗಾದರೆ ಸಣ್ಣವರಿಂದ ಇದು ಸಾಧ್ಯವೇ ಎಂದು ಕೇಳುವವರಿಗೆ ಪುತ್ತೂರಿನ ಉತ್ತರವಿದೆ. 1988ರಲ್ಲಿ ಅಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯನ್ನು ನಮ್ಮ ಬಾಂಧವರಲ್ಲಿ ಓದದವರು ಕಡಿಮೆ. ಶ್ರೀ ಪಡ್ರೆ ಮತ್ತು ಅವರ ಸಂಗಡಿಗರು ಹಿಡಿದ ಹಾದಿ ಸರಳವಾದುದು: ಕೃಷಿಯ ಬಗ್ಗೆ ಕೃಷಿಕನೇ ಬರೆಯಲಿ, ಮಾಡಿ ನೋಡಿದವನ ವಿಳಾಸ ಲೇಖನದ ಜೊತೆಯಲ್ಲೇ ಇರಲಿ. ವಿಳಾಸವಿದ್ದದ್ದರಿಂದ ಓದಿದವನು ಕೇಳಲು ಸಾಧ್ಯವಾಯಿತು, ಹೋಗಿ ನೋಡಲು ಸಾಧ್ಯವಾಯಿತು, ಕೊಳ್ಳಲೂ ಸಾಧ್ಯವಾಯಿತು. 2021ರಲ್ಲಿ ಬಾಳೆಕಾಯಿಗೆ ಧಾರಣೆ ಕುಸಿದು ಗೊನೆ ಕಡಿದ ಕೂಲಿಯೂ ಹುಟ್ಟದ ಸ್ಥಿತಿ ಇದ್ದಾಗ ಇದೇ ಪತ್ರಿಕೆ ಬಾಳೆಕಾಯಿ ಹುಡಿಯ ಆಂದೋಲನ ನಡೆಸಿತು. ‘ಬಾಕಾಹು’ ಎಂದು ಮೂರಕ್ಷರದ ಹೆಸರು. ಕೇರಳದ ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದವರು ವಾಟ್ಸಾಪ್ ಮೂಲಕ ಪಾಠ ಹೇಳಿದರು. ಮನೆಯ ಹೆಂಗಸರು ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಪುಡಿ ಮಾಡಿ, ರೊಟ್ಟಿ, ದೋಸೆ ಮಾಡಿ ಚಿತ್ರ ಕಳಿಸಿದರು. ಕೆಲವೇ ವಾರಗಳಲ್ಲಿ ದಿನಪತ್ರಿಕೆಗಳೆಲ್ಲ ಅದನ್ನು ಹಿಡಿದುಕೊಂಡವು. ಅದರಲ್ಲಿ ದೊಡ್ಡ ಬಂಡವಾಳವೇನೂ ಇರಲಿಲ್ಲ. ನೆನಪಿನಲ್ಲಿ ಉಳಿಯುವ ಒಂದು ಹೆಸರು, ಯಾರ ಅಡಿಗೆಮನೆಯಲ್ಲಾದರೂ ಮಾಡಬಹುದಾದ ಒಂದು ಕೆಲಸ, ತಾಂತ್ರಿಕ ಪ್ರಶ್ನೆಗೆ ಉತ್ತರಿಸುವ ಒಂದು ಸಂಸ್ಥೆ, ಇವಿಷ್ಟೇ ಇದ್ದವು. ಕಷ್ಟ ಎಲ್ಲರಿಗೂ ಇತ್ತು. ಕಷ್ಟವನ್ನಷ್ಟೇ ಹೇಳಿದ್ದರೆ ಮನವಿ ಪತ್ರವಾಗುತ್ತಿತ್ತು.

ತುಮಕೂರು ಜಿಲ್ಲೆಯ ಚೇಳೂರಿನ ಎಸ್. ಎಸ್. ಪರಮೇಶ ಅವರ ‘ಸಿದ್ದು’ ಹಲಸು ಇನ್ನೊಂದು ಉದಾಹರಣೆ. ತಂದೆ ಸಿದ್ದಪ್ಪನವರು ನೆಟ್ಟ ಒಂದೇ ಮರ, ತಾಮ್ರಗೆಂಪಿನ ತೊಳೆ. ಹಣ್ಣಿನ ರುಚಿ ನೆಂಟರಿಷ್ಟರಿಗೆ ಮೊದಲೇ ಗೊತ್ತಿತ್ತು. ಆದರೆ 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಆ ಮರದ ಗುಣವನ್ನು ಪರೀಕ್ಷಿಸಿ, ರೈತನೊಡನೆ ಒಪ್ಪಂದ ಮಾಡಿಕೊಂಡು, ಅವರದೇ ಮರದ ಕಸಿ ಗಿಡಗಳನ್ನು ಅವರ ಮೂಲಕ ಮಾರುವ ಏರ್ಪಾಟು ಮಾಡಿದ ಮೇಲೆ ಪತ್ರಿಕೆಗಳು ಬಂದವು. ವಿಜ್ಞಾನಿಗಳ ಸಾಕ್ಷಿ ಸಿಕ್ಕಿದ್ದು ಪತ್ರಿಕೆಯವರಿಗೂ ಧೈರ್ಯ ಕೊಟ್ಟಿತು. ನಮ್ಮ ಪಕ್ಕದಲ್ಲಿ ಕಾಫಿ ಮಂಡಳಿಯ ಸಂಶೋಧನಾ ಕೇಂದ್ರಗಳಿವೆ, ಕೃಷಿ ವಿಜ್ಞಾನ ಕೇಂದ್ರಗಳಿವೆ. ನಮ್ಮ ಪುಡಿ ಚೆನ್ನಾಗಿದೆ ಎಂದು ಕಾರ್ಯದರ್ಶಿ ಹೇಳಿದರೆ ಅದು ಕಾರ್ಯದರ್ಶಿಯ ಮಾತು. ಮಂಡಳಿಯ ರುಚಿ ಪರೀಕ್ಷಕರು ಅಂಕ ಕೊಟ್ಟರೆ ಅದು ಸುದ್ದಿ.

ಇನ್ನು ಪತ್ರಿಕೆಯವರ ಕಡೆಯಿಂದ ಸ್ವಲ್ಪ ನೋಡೋಣ. ತಾಲೂಕಿನ ವರದಿಗಾರನೆಂದರೆ ಅನೇಕ ಕಡೆ ಅರೆಕಾಲಿಕ ಸುದ್ದಿಗಾರ. ಬೇರೊಂದು ಉದ್ಯೋಗ ಇಟ್ಟುಕೊಂಡು, ತನ್ನ ಬೈಕಿಗೆ ತಾನೇ ಪೆಟ್ರೋಲು ಹಾಕಿಕೊಂಡು ಓಡಾಡುವವನು. ಜಿಲ್ಲಾ ಪುಟ ಸಂಜೆಯ ಮೇಲೆ ಕಟ್ಟಲು ತೊಡಗುತ್ತದೆ. ಮಧ್ಯಾಹ್ನದೊಳಗೆ ಕೈಗೆ ಸಿಕ್ಕಿದ್ದಕ್ಕೆ ಜಾಗ, ರಾತ್ರಿ ಎಂಟಕ್ಕೆ ಫೋನು ಮಾಡಿದವನಿಗೆ ‘ನಾಳೆ ನೋಡೋಣ’ ಎಂಬ ಉತ್ತರ. ಅಂಥವನ ಮುಂದೆ ಸಹಕಾರ ಸಂಘಗಳು ಸಾಮಾನ್ಯವಾಗಿ ಏನನ್ನು ಇಡುತ್ತವೆ? ಸಭೆ ಮುಗಿದ ಮೂರನೆಯ ದಿನ ಒಂದು ಪ್ರಕಟಣೆ. ಅದರ ಮೊದಲ ಹದಿನೈದು ಸಾಲುಗಳಲ್ಲಿ ಅಧ್ಯಕ್ಷತೆ ವಹಿಸಿದವರು, ದೀಪ ಬೆಳಗಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ವೇದಿಕೆಯ ಮೇಲೆ ಉಪಸ್ಥಿತರಿದ್ದವರು. ಹದಿನಾರನೆಯ ಸಾಲಿನಲ್ಲಿ, ಸಂಘವು ಈ ವರ್ಷ ಸದಸ್ಯರಿಗೆ ಯಂತ್ರದಿಂದ ಮದ್ದು ಹೊಡೆಸುವ ತಂಡ ಕಟ್ಟಿದೆ ಎಂಬ ವಿಷಯ. ಸುದ್ದಿ ಇದ್ದದ್ದು ಆ ಹದಿನಾರನೆಯ ಸಾಲಿನಲ್ಲಿ, ಪತ್ರಿಕೆಯ ಕತ್ತರಿ ಅಷ್ಟು ಕೆಳಗೆ ಬರುವುದರೊಳಗೆ ಜಾಗ ಮುಗಿದಿರುತ್ತದೆ. ಇದಕ್ಕೆ ವರದಿಗಾರನನ್ನು ದೂಷಿಸಿ ಫಲವಿಲ್ಲ.

ಮೊದಲ ವಾಕ್ಯದಲ್ಲೇ ಯಾರು, ಏನು, ಯಾವಾಗ, ಎಲ್ಲಿ ಎಂಬುದು ಬರಲಿ. ಒಂದು ಪುಟ ಮೀರದಿರಲಿ. ಅಂಕಿ ಇದ್ದರೆ ಸರಿಯಾದ ಅಂಕಿ ಇರಲಿ. ಚಿತ್ರವೆಂದರೆ ಶಾಲು ಹೊದಿಸುವ ಚಿತ್ರವಲ್ಲ. ಕೊನೆಗಾರನು ಮರದ ಮೇಲಿರುವುದು, ಕಣದಲ್ಲಿ ಕಾಫಿ ಕೆದರುವ ಕೈಗಳು, ಅಡಿಕೆ ಸುಲಿಯುವ ಹೆಂಗಸರ ಸಾಲು, ಇಂಥವು. ಕೆಳಗೆ ಹೆಚ್ಚಿನ ವಿವರಕ್ಕೆ ಯಾರನ್ನು ಕೇಳಬೇಕು ಎಂಬ ಒಂದು ಹೆಸರು, ಒಂದು ಸಂಖ್ಯೆ. ಆ ಸಂಖ್ಯೆಗೆ ಕರೆ ಬಂದಾಗ ಎತ್ತುವವರು ಇರಬೇಕು. ಇವಿಷ್ಟಕ್ಕೆ ಯಾವ ತರಬೇತಿಯೂ ಬೇಡ. ಆಕಾಶವಾಣಿಯ ಕೃಷಿ ಕಾರ್ಯಕ್ರಮದವರಿಗೂ ಇದೇ ಕಾಗದ ಸಾಕಾಗುತ್ತದೆ. ರೇಡಿಯೋವನ್ನು ಈಗ ಯಾರು ಕೇಳುತ್ತಾರೆ ಎನ್ನುವವರು ಒಂದು ಬೆಳಿಗ್ಗೆ ತೋಟದ ಕೆಲಸದವರ ಜೊತೆ ನಿಂತು ನೋಡಲಿ.

ನಮ್ಮಲ್ಲಿ ಹೋರಿ ಓಟವಿಲ್ಲ. ಆದರೆ ನಿಗದಿಯಾದ ದಿನವೂ ನೋಟವೂ ಇಲ್ಲವೆಂದು ಹೇಳುವುದಕ್ಕಾಗುವುದಿಲ್ಲ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗೆ ಅರಳುತ್ತದೆ, ಮೂರು ನಾಲ್ಕು ದಿನ ಇದ್ದು ಕಂದುತ್ತದೆ. ಮಳೆ ಬಿದ್ದ ದಿನವೇ ಎಣಿಕೆ ಹಾಕಿ, ಇಂಥ ದಿನ ಬಂದರೆ ಹೂವು ಸಿಗುತ್ತದೆ ಎಂದು ಪತ್ರಿಕೆಯ ಛಾಯಾಗ್ರಾಹಕನಿಗೆ ತಿಳಿಸಬಲ್ಲವರು ನಾವಲ್ಲದೆ ಇನ್ನಾರು? ಮುಂಗಾರಿನ ಆರಂಭದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು, ಮರ ಹತ್ತುವವರು ಸಿಗದೆ ಉದ್ದನೆಯ ದೋಟಿಯಿಂದ ಕೊನೆ ಇಳಿಸುವುದನ್ನು ನಮ್ಮ ಹುಡುಗರು ಕಲಿತದ್ದು, ಇವನ್ನು ದಿನವೂ ನೋಡುವ ನಮಗೆ ಸಪ್ಪೆಯಾಗಿ ಕಾಣುತ್ತವೆ. ಪೇಟೆಯ ಓದುಗನಿಗೆ ಹಾಗಲ್ಲ.

ಎಲ್ಲಕ್ಕಿಂತ ದೊಡ್ಡ ಆಸ್ತಿಯೊಂದು ನಮ್ಮ ಅನೇಕ ಮನೆಗಳ ಕಪಾಟಿನಲ್ಲಿದೆ. ಅದು ಮಳೆಯ ಲೆಕ್ಕದ ಪುಸ್ತಕ. ಕಾಫಿ ತೋಟದವರು ಅಜ್ಜನ ಕಾಲದಿಂದ ಇಂಚು, ಸೆಂಟಿನ ಲೆಕ್ಕದಲ್ಲಿ ದಿನದಿನದ ಮಳೆಯನ್ನು ಬರೆದಿಟ್ಟುಕೊಂಡು ಬಂದಿದ್ದಾರೆ. ಸರಕಾರದ ಮಳೆ ಮಾಪಕ ಹೋಬಳಿಗೊಂದೋ ಪಂಚಾಯತಿಗೊಂದೋ ಇದ್ದೀತು. ಒಂದು ಗುಡ್ಡದ ಆಚೆ ಈಚೆ ಮಳೆ ಬೇರೆಯಾಗುವ ನಮ್ಮ ಸೀಮೆಯಲ್ಲಿ ತೋಟದ ಪುಸ್ತಕಗಳಿಗಿರುವ ಬೆಲೆಯೇ ಬೇರೆ. ಮಳೆಗಾಲದಲ್ಲಿ ಪ್ರತಿ ಪತ್ರಿಕೆಗೂ ದಿನವೂ ಬೇಕಾದ ಒಂದೇ ವಿಷಯವೆಂದರೆ ಮಳೆ. ನಮ್ಮ ಸಂಘವು ಪ್ರತಿದಿನ ಬೆಳಿಗ್ಗೆ ಹತ್ತು ತೋಟಗಳ ಮಳೆಯ ಅಂಕಿಯನ್ನು ಒಟ್ಟುಗೂಡಿಸಿ ಕೊಡುವುದಾದರೆ, ಕೆಲವು ದಿನಗಳಲ್ಲೇ ವರದಿಗಾರನು ತಾನಾಗಿ ಕೇಳಲು ತೊಡಗುತ್ತಾನೆ. ‘ಬೆಳೆಗಾರರ ಸಂಘದ ಮಾಹಿತಿಯಂತೆ’ ಎಂಬ ಮೂರು ಪದ ದಿನವೂ ಅಚ್ಚಾಗುತ್ತದೆ. ಹೂಮಳೆ ತಪ್ಪಿದ ವರ್ಷ, ಕೊಯ್ಲಿನ ಹೊತ್ತಿಗೆ ಮಳೆ ಸುರಿದು ಹಣ್ಣು ಉದುರಿದ ವರ್ಷ, ಐವತ್ತು ವರ್ಷದ ಪುಸ್ತಕ ಬಿಡಿಸಿ ಹೋಲಿಕೆ ತೋರಿಸಿದರೆ ನಮ್ಮ ನಷ್ಟದ ಮಾತಿಗೆ ತೂಕ ಬರುತ್ತದೆ. ಕೊಟ್ಟು ಅಭ್ಯಾಸ ಮಾಡಿಕೊಂಡವನ ಮಾತನ್ನು, ಕೇಳುವ ದಿನ ಬಂದಾಗ ಕೇಳುತ್ತಾರೆ. ಕಾಫಿಪುಡಿಯ ಹೆಸರು ಇದರ ಹಿಂದೆ ಬರಬೇಕೇ ಹೊರತು ಮುಂದೆ ಅಲ್ಲ.

ಸುದ್ದಿ ನಮ್ಮ ವಿರುದ್ಧ ಬರುವ ದಿನವೂ ಇದೆ ಎಂದೆವಷ್ಟೆ. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರವು ಅನುಮತಿ ಕೊಟ್ಟಾಗ, ಸುದ್ದಿ ಬಂದ ಕೂಡಲೇ ಅಂಗಳದಲ್ಲಿದ್ದ ಅಡಿಕೆಯನ್ನು ಸಿಕ್ಕಿದ ಧಾರಣೆಗೆ ಕೊಟ್ಟುಬಿಡೋಣವೇ ಎಂದು ಕೇಳಿಕೊಂಡು ಸದಸ್ಯರು ಕಚೇರಿಗೆ ಬಂದರು. ದೇಶದ ಉತ್ಪನ್ನ ಹತ್ತು ಲಕ್ಷ ಟನ್ನಿಗೂ ಮೀರಿದ್ದು; ಹಸಿ ಅಡಿಕೆ ಒಣಗಿದರೆ ಉಳಿಯುವುದೆಷ್ಟೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮದು ಸರಿಯೇ ತಪ್ಪೇ ಎಂಬುದು ಬೇರೆ ಪ್ರಶ್ನೆ, ವಿರೋಧಿಸುವುದು ನಮ್ಮ ಹಕ್ಕು. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅದೇ ದಿನ ಪತ್ರಿಕೆಗೆ ಹೇಳುವ ಒಬ್ಬರು ಪ್ರತಿ ತಾಲೂಕಿನಲ್ಲೂ ಇದ್ದರೆ, ಹೆದರಿ ಮಾರುವವರ ಸಂಖ್ಯೆ ಕಡಿಮೆಯಾಗುತ್ತದೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೊಗೆ 251ರಿಂದ 351 ರೂಪಾಯಿಗೆ ಏರಿತು. ಆ ಸುದ್ದಿ ಮಾತ್ರ ಮೊದಲಿನಷ್ಟು ದೊಡ್ಡ ಅಕ್ಷರದಲ್ಲಿ ಬಂದಂತೆ ಕಾಣಲಿಲ್ಲ.

ಇನ್ನೂ ಕಠಿಣವಾದ ಪ್ರಶ್ನೆ ಆರೋಗ್ಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮ್ಮನ್ನು ಭೇಟಿಯಾಗುವ ವರದಿಗಾರ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾನೆ. ಅಡಿಕೆ ಜಗಿದರೆ ಆರೋಗ್ಯ ವೃದ್ಧಿಯಾಗುತ್ತದೆ ಎಂಬ ಪ್ರಚಾರಕ್ಕೆ ಸಂಘ ಕೈಹಾಕಬಾರದು ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಕೆಲವು ಸದಸ್ಯರಿಗೆ ಇದು ರುಚಿಸಲಾರದು. ನಮ್ಮ ಅನ್ನ ಅದರಲ್ಲಿದೆ ಎಂಬುದೂ ನಮಗೆ ಗೊತ್ತು. ವಿಜ್ಞಾನಿಗಳ ನಡುವಿನ ಪ್ರಶ್ನೆಯನ್ನು ವಿಜ್ಞಾನಿಗಳೇ ತೀರ್ಮಾನಿಸಲಿ. ಸಂಘ ಹೇಳಬೇಕಾದದ್ದು ಬೆಳೆಗಾರರ ಎಷ್ಟು ಸಂಸಾರಗಳು ಇದರ ಮೇಲೆ ನಿಂತಿವೆ, ಕಾಳುಮೆಣಸು, ಕಾಫಿ, ಬಾಳೆಗಳತ್ತ ಅವರು ಹೇಗೆ ಹೊರಳುತ್ತಿದ್ದಾರೆ ಎಂಬುದನ್ನು. ಹಾಳೆ ತಟ್ಟೆಯ ಪ್ರಚಾರದಲ್ಲೂ ಇದೇ ಎಚ್ಚರ ಬೇಕು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆ ತಟ್ಟೆಗಳ ಬಳಕೆಗೆ ಆಕ್ಷೇಪ ಎತ್ತಿದೆ. ‘ಪೂರ್ತಿ ನಿರಪಾಯ’ ಎಂದು ಪ್ರಕಟಣೆಯಲ್ಲಿ ಬರೆಯುವ ಮೊದಲು ಪರೀಕ್ಷೆಯ ವರದಿ ಕೈಯಲ್ಲಿರಬೇಕು. ಒಮ್ಮೆ ಸುಳ್ಳೆಂದು ತಿಳಿದರೆ ಮುಂದೆ ಮಳೆಯ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ಕೊನೆಯದಾಗಿ, ಮೆಲುದನಿಯಲ್ಲಿ ಕೇಳಿಬರುವ ಒಂದು ಮಾತು. ಪತ್ರಿಕಾಗೋಷ್ಠಿ ಕರೆದು ಊಟ ಹಾಕಿ, ಹೋಗುವಾಗ ಒಂದು ಲಕೋಟೆ ಕೈಗಿತ್ತರೆ ಎಲ್ಲವೂ ಬರುತ್ತದೆಯಂತೆ. ಕಾಸಿಗಾಗಿ ಸುದ್ದಿ ಎಂಬ ಈ ರೋಗದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಸಿದ್ಧಪಡಿಸಿತ್ತು. ಸದಸ್ಯರ ಹಣವನ್ನು ಅಂಥ ಲಕೋಟೆಗೆ ಹಾಕಿ, ಲೆಕ್ಕ ಪರಿಶೋಧಕರ ಮುಂದೆ ‘ಇತರೆ ವೆಚ್ಚ’ ಎಂದು ಬರೆಯಲು ಈ ಕಚೇರಿ ಒಪ್ಪುವುದಿಲ್ಲ. ಪ್ರಾಮಾಣಿಕ ವರದಿಗಾರನಿಗೆ ಅದು ಅವಮಾನ, ಇನ್ನೊಬ್ಬನಿಗಾದರೆ ಪ್ರತಿ ಸಲವೂ ಕೊಡಬೇಕಾದ ಕಂದಾಯ. ತೋಟಕ್ಕೆ ಬಂದವರಿಗೆ ನಮ್ಮದೇ ಪುಡಿಯ ಒಂದು ಲೋಟ ಕಾಫಿ ಕೊಡುವುದಕ್ಕೆ ಯಾರ ಆಕ್ಷೇಪವೂ ಇರಲಾರದು.

ಆದ್ದರಿಂದ ಪುರವಣಿಯ ಬದಲಿಗೆ ನಾವು ಸಭೆಯ ಮುಂದಿಡುವುದು ಇಷ್ಟು: ಆ ಮೊತ್ತದ ಒಂದು ಸಣ್ಣ ಅಂಶದಿಂದ ಸಂಘಕ್ಕೆ ಒಳ್ಳೆಯದೊಂದು ಕ್ಯಾಮರಾ ಬರಲಿ, ಉಳಿದದ್ದು ಕಾಫಿಯ ರುಚಿ ಪರೀಕ್ಷೆಗೂ ಪೊಟ್ಟಣದ ಮೇಲೆ ಊರಿನ ಹೆಸರು ಸ್ಪಷ್ಟವಾಗಿ ಅಚ್ಚಾಗುವುದಕ್ಕೂ ಹೋಗಲಿ. ಪತ್ರಿಕೆ, ಆಕಾಶವಾಣಿಗಳೊಡನೆ ವ್ಯವಹರಿಸಲು ಸದಸ್ಯರ ಮನೆಯ ಓದಿದ ಯುವಕ ಅಥವಾ ಯುವತಿಯೊಬ್ಬರನ್ನು ನೇಮಿಸಿ, ಸಂಘದ ಪರವಾಗಿ ಮಾತನಾಡುವ ಅಧಿಕಾರವನ್ನು ಅಧ್ಯಕ್ಷರು ಮತ್ತು ಅವರಿಬ್ಬರಿಗೆ ಮಾತ್ರ ಕೊಡಬೇಕು. ಹತ್ತು ಬಾಯಿಯಿಂದ ಹತ್ತು ಧಾರಣೆ ಹೊರಟರೆ ಮಾರುಕಟ್ಟೆಯಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮಳೆಯ ಲೆಕ್ಕದ ವಿಚಾರದಲ್ಲಿ ಮಾತ್ರ ಸಭೆಯವರೆಗೆ ಕಾಯುವ ಅಗತ್ಯವಿಲ್ಲ. ತೋಟದಲ್ಲಿ ಮಳೆ ಮಾಪಕವಿರುವ ಸದಸ್ಯರು ತಮ್ಮ ಹೆಸರನ್ನೂ, ಹಳೆಯ ಪುಸ್ತಕಗಳು ಯಾವ ವರ್ಷದಿಂದ ಇವೆ ಎಂಬುದನ್ನೂ ಕಚೇರಿಯಲ್ಲಿ ಬರೆಸಬೇಕು. ಜೂನ್ 1ರಿಂದ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದ ಅಂಕಿಯನ್ನು 10 ಗಂಟೆಯೊಳಗೆ ತಿಳಿಸಬೇಕೆಂದು ಕೋರುತ್ತೇವೆ. ಹಳೆಯ ಪುಸ್ತಕಗಳನ್ನು ಕಚೇರಿಗೆ ತಂದುಕೊಟ್ಟರೆ ಪ್ರತಿ ತೆಗೆದುಕೊಂಡು ಅದೇ ದಿನ ಹಿಂದಿರುಗಿಸಲಾಗುವುದು.